ಕೆಂಚಿ ಕೂಗಿದ ಒಂದು ವರ್ಷ

ಮುದಿ ಬೆಕ್ಕಿರುವ ಮನೆಯಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಬೆಕ್ಕಿಲ್ಲದವರು ಪಾಪ, ಧಾರಾವಾಹಿ ನೋಡಿ ತೃಪ್ತಿಪಡಬೇಕು.

ನಮ್ಮ ಕೆಂಚಿ ಈಗ ಇಲ್ಲ. ಮಧ್ಯಾಹ್ನ ಊಟ ಮಾಡಿ ಕೂತರೆ ನನ್ನ ಕಿವಿ ಇನ್ನೂ ತಾನಾಗಿಯೇ ಅಡುಗೆಮನೆ ಕಡೆ ತಿರುಗುತ್ತದೆ. ಶಿಕಾರಿಪುರದ ಈ ಬೀದಿಯಲ್ಲಿ ಮೂವತ್ತು ವರ್ಷದಿಂದ ಕೂಗಾಡಿಕೊಂಡು ಬಂದವನು ನಾನು. ನೀರಿಗಾಗಿ ಕೂಗಿದ್ದೇನೆ, ಚರಂಡಿಗಾಗಿ ಕೂಗಿದ್ದೇನೆ, ಕಂಡವರ ಬಗರ್‌ಹುಕುಂ ಜಮೀನಿಗಾಗಿ ಗಂಟಲು ಹರಿದುಕೊಂಡಿದ್ದೇನೆ. ಅದರಲ್ಲಿ ಒಂದನ್ನಾದರೂ ಜನ ನೆನಪಿಟ್ಟುಕೊಂಡಿದ್ದಾರಾ? ಇಲ್ಲ. ಕೆಂಚಿ ಕೊನೆಗಾಲದಲ್ಲಿ ಕೂಗಿದ ಒಂದು ವರ್ಷವನ್ನು ಮಾತ್ರ ಕಟ್ಟೆಯ ಮೇಲೆ ಕೂತು ದಿನಾ ನೆನೆಯುತ್ತಾರೆ. ಆ ಕೂಗಿನಿಂದಾಗಿ ಅವಳನ್ನು ಊರು ಬಿಡಿಸಬೇಕೆಂದು ಹೊರಟವರೇ ಇವರು. ಹದಿನಾರು ವರ್ಷ ಇದ್ದ ಮನೆಯಲ್ಲಿ ಅವಳು ಸಾಯುತ್ತಾಳೋ, ಗೋಣಿಚೀಲ ಸೇರಿ ಹೊಳೆ ದಾಟುತ್ತಾಳೋ ಎನ್ನುವ ಹಂತಕ್ಕೆ ಬಂದಿತ್ತು. ಅದೆಲ್ಲ ಹೇಗೆ ಹೇಗೆ ಆಯಿತೆಂದು ಮೊದಲಿನಿಂದಲೇ ಹೇಳಿಬಿಡುತ್ತೇನೆ.

೧. ಬದನೆ ಸಸಿ

ಕೆಂಚಿ ಹುಟ್ಟಿದ್ದು ಸೊರಬದಲ್ಲಿ, ನನ್ನ ಹೆಂಡತಿಯ ತವರುಮನೆಯ ಅಟ್ಟದ ಮೇಲೆ. ನಮ್ಮ ಮನೆಯಲ್ಲಿ ಇಲಿಗಳು ನನ್ನ ಕಾಗದಪತ್ರಗಳನ್ನೆಲ್ಲ ತಿಂದು ಹಾಕುತ್ತಿದ್ದ ಕಾಲ. ಪಹಣಿ ತಿಂದವು, ಹೋರಾಟದ ಕರಪತ್ರ ತಿಂದವು, ಜಿಲ್ಲಾಧಿಕಾರಿಗೆ ಬರೆದ ಮನವಿಯ ಕಾರ್ಬನ್ ಪ್ರತಿಯನ್ನೂ ಬಿಡಲಿಲ್ಲ. "ಯಾರೂ ಓದದೆ ಇದ್ದಿದ್ದನ್ನು ಅವಾದ್ರೂ ಓದ್ತಾ ಇದಾವೆ" ಎಂದು ಹೆಂಡತಿ ನಗುತ್ತಿದ್ದಳು. ಆಮೇಲೆ ಅವಳ ರೇಷ್ಮೆ ಸೀರೆಯ ಸೆರಗು ತಿಂದವು. ಆ ವಾರವೇ ನಾವು ಸೊರಬಕ್ಕೆ ಹೋದೆವು.

ಅತ್ತೆ ಒಂದು ಬಿದಿರಿನ ಬುಟ್ಟಿಯಲ್ಲಿ ಮರಿಯನ್ನು ಇಟ್ಟು, ಮೇಲೆ ಹಳೇ ಪಂಚೆಯ ತುಂಡು ಬಿಗಿದು ಕೊಟ್ಟರು. ಬಸ್ಸು ಹತ್ತಿದೆವು. ಕಂಡಕ್ಟರು ಬುಟ್ಟಿ ನೋಡಿ, "ಏನೈತಮ್ಮ ಅದರಾಗೆ?" ಎಂದರು.

"ಬದನೆ ಸಸಿ" ಎಂದಳು ನನ್ನ ಹೆಂಡತಿ, ಕಣ್ಣು ಮಿಟುಕಿಸದೆ.

ಸುಳ್ಳು ಕಂಡರೆ ನನಗಾಗುವುದಿಲ್ಲ. ಬಾಯಿ ತೆರೆದೆ. ಅವಳು ನನ್ನ ಕಾಲು ತುಳಿದಳು. ಬಾಯಿ ಮುಚ್ಚಿದೆ. ಮರಿ ಮಾತ್ರ ಒಂದು ಸದ್ದು ಮಾಡಬೇಕಲ್ಲ, ಊಹೂಂ. ಬುಟ್ಟಿಯೊಳಗೆ ನಿಜವಾಗಿಯೂ ಸಸಿಯೇ ಇದ್ದಂತೆ ಇತ್ತು.

ಶಿರಾಳಕೊಪ್ಪದಲ್ಲಿ ಅವತ್ತು ಸಂತೆ. ಬಸ್ಸು ತುಂಬಿತು. ಹಿಂದಿನಿಂದ ನಮ್ಮ ಪಕ್ಕಕ್ಕೆ ಸರಿದು ನಿಂತ ರೈತನೊಬ್ಬ ಸೊರಬದಲ್ಲಿ ಕಂಡಕ್ಟರ ಜೊತೆ ಆಡಿದ ಮಾತು ಕೇಳಿಸಿಕೊಂಡಿದ್ದನೋ ಏನೋ, "ಅಕ್ಕಾ, ಬದನೆ ಸಸಿ ಅಂತೆ, ಯಾವ ಜಾತಿದು?" ಎಂದ.

"ಮುಳ್ಳುಬದನೆ" ಎಂದಳು ಇವಳು. ಒಂದು ಸುಳ್ಳಿಗೆ ಇನ್ನೊಂದು.

"ಬೇರು ಒಣಗೈತೇನು ನೋಡ್ತೀನಿ ತಡೀರಿ" ಎಂದವನೇ ಪಂಚೆಯ ಸಂದಿಯಲ್ಲಿ ಕೈ ತೂರಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ಅವನು ಕೈಯನ್ನು ಎಷ್ಟು ಬೇಗ ಹೊರಗೆಳೆದನೆಂದರೆ ಹಿಂದೆ ನಿಂತವರ ಟೋಪಿ ಬಿತ್ತು. ಬೆರಳಿನಲ್ಲಿ ನಾಲ್ಕು ಕೆಂಪು ಗೆರೆ. ಆಗಲೂ ಒಳಗಿನಿಂದ ಸದ್ದಿಲ್ಲ.

ಅವನು ಬೆರಳು ಚೀಪುತ್ತಾ ಬುಟ್ಟಿಯನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಬಹಳ ಗೌರವದಿಂದ, "ತಳಿ ಒಳ್ಳೇದೈತ್ರೀ. ಸಸಿಗೇ ಇಷ್ಟು ಮುಳ್ಳು ಬಂದೈತಿ" ಎಂದ.

೨. ಫೋನಿನಲ್ಲಿ ಅಜ್ಜಿ

ಅಲ್ಲಿಂದ ಹದಿನೈದು ವರ್ಷ ಕೆಂಚಿ ಬಾಯಿ ಬಿಡಲಿಲ್ಲ. ಹಸಿವಾದರೆ ತಟ್ಟೆಯ ಮುಂದೆ ಬಂದು ಕೂರುತ್ತಿದ್ದಳು, ಅಷ್ಟೇ. ನಾನು ಧರಣಿ ಮುಗಿಸಿ ಮನೆಗೆ ಬಂದಾಗ ಜಗಲಿಯಲ್ಲಿ ಕೂತಿರುತ್ತಿದ್ದಳು. ನಾನು ಆವತ್ತಿನ ಸಿಟ್ಟನ್ನೆಲ್ಲ ಅವಳ ಮುಂದೆ ಕಕ್ಕುತ್ತಿದ್ದೆ. ಕಿವಿ ನನ್ನ ಕಡೆ, ಕಣ್ಣು ಗೋಡೆಯ ಹಲ್ಲಿಯ ಕಡೆ. ಅಂಥ ಕೇಳುಗರು ನನಗೆ ಯಾವ ಸಭೆಯಲ್ಲೂ ಸಿಗಲಿಲ್ಲ. ಮಧ್ಯದಲ್ಲಿ ಎದ್ದು ಹೋದವಳಲ್ಲ.

ಹದಿನಾರನೇ ವರ್ಷ, ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಅಡುಗೆಮನೆಯ ನಡುವೆ ನಿಂತು ಒಂದು ಕೂಗು ಹಾಕಿದಳು. ಕೂಗೆಂದರೆ ಮಿಯಾಂವ್ ಅಲ್ಲ. ಹೊಟ್ಟೆಯ ಆಳದಿಂದ ಎದ್ದು, ಮೂಗಿನಲ್ಲಿ ಹಾದು, ಕೊನೆಗೆ ಹೆಣದ ಮನೆಯ ಅಳುವಿನ ಹಾಗೆ ಎಳೆದುಕೊಂಡು ಹೋಗುವ ಕೂಗು. ನನ್ನ ಕೈಯ ಮಜ್ಜಿಗೆ ಲೋಟ ಬಿತ್ತು.

"ಎಂತ ಆಯ್ತೇ ಇದಕ್ಕೆ?" ಎಂದೆ.

"ಎಂತ ಆಗ್ತದೆ ಮಾರಾಯ್ರೆ? ಹದಿನೈದು ವರ್ಷ ನಿಮ್ಮ ಭಾಷಣ ಕೇಳ್ತು. ಈಗ ಅದರ ಸರದಿ" ಎಂದಳು ಹೆಂಡತಿ.

ಅವತ್ತಿನಿಂದ ದಿನಕ್ಕೆ ಏಳೆಂಟು ಸಲ. ಹೊತ್ತಿಲ್ಲ, ಗೊತ್ತಿಲ್ಲ.

ಹಿಂದಿನ ಬೀದಿಯಲ್ಲಿ ಒಬ್ಬ ವಿಧವೆ ಇದ್ದರು, ಎಂಬತ್ತರ ಹತ್ತಿರದ ಜೀವ. ಅವರ ಪಿಂಚಣಿ ಆರು ತಿಂಗಳಿಂದ ನಿಂತಿತ್ತು. ಅದರ ಬಗ್ಗೆ ನಾನು ಒಂದು ಕಚೇರಿಗೆ ಫೋನು ಮಾಡಿದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಕಚೇರಿಯವರು ತಮ್ಮನ್ನು ಬಿಟ್ಟನಲ್ಲ ಎಂದು ಬೇಜಾರು ಮಾಡಿಕೊಂಡಾರು. ಆ ಕಡೆಯ ಸಾಹೇಬರು ಎಂದಿನಂತೆ, "ಫೈಲು ಮೇಲೆ ಹೋಗಿದೆ, ಬರಬೇಕು" ಎಂದು ರಾಗ ತೆಗೆದರು. ನಾನು ಬೈಯಲು ಉಸಿರು ತೆಗೆದುಕೊಂಡೆ. ಅಷ್ಟರಲ್ಲಿ ಕೆಂಚಿ ನನ್ನ ಕಾಲ ಬುಡದಲ್ಲಿ ಶುರು ಮಾಡಿದಳು.

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ ಸಾಹೇಬರ ದನಿ ಪೂರಾ ಬೇರೆ: "ಅಯ್ಯೋ, ಅಳಬೇಡಮ್ಮಾ! ಅಳಬೇಡ! ಸಾರ್, ಅಜ್ಜಿಗೆ ಸ್ವಲ್ಪ ಸಮಾಧಾನ ಹೇಳ್ರಿ. ನಾಳೆ ಬೆಳಗ್ಗೆ ನಿಮ್ಮ ಮನೆಗೇ ಜನ ಕಳಿಸ್ತೀನಿ!"

ಫೋನು ಇಟ್ಟೇಬಿಟ್ಟರು. ಮರುದಿನ ಒಂಬತ್ತು ಗಂಟೆಗೆ ಗ್ರಾಮ ಲೆಕ್ಕಿಗರು ಫಾರಂ ಹಿಡಿದು ನಮ್ಮ ಬಾಗಿಲಲ್ಲಿ! ನನ್ನ ಆಯುಷ್ಯದಲ್ಲಿ ಸರ್ಕಾರ ನಮ್ಮ ಮನೆಗೆ ಬಂದಿದ್ದು ಜನಗಣತಿ ಬಿಟ್ಟರೆ ಅದೇ ಮೊದಲು. ನಾನು ಸ್ನಾನಕ್ಕೆ ಹೋಗಿದ್ದೆ. ಅವರನ್ನು ಕೂರಿಸಿ ಮಾತಾಡಿದವಳು ಹೆಂಡತಿ.

"ಅಜ್ಜಿ ಹೆಂಗಿದಾರ್ರಿ ಈಗ?" ಎಂದರಂತೆ ಲೆಕ್ಕಿಗರು.

ಬೀದಿಯವರೆಲ್ಲ ಕೆಂಚಿಯನ್ನು ಅಜ್ಜಿ, ಮುದುಕಿ ಎಂದೇ ಕರೆಯುತ್ತಿದ್ದರಿಂದ ಇವಳು, "ಹಾಲು ಕುಡಿದು ಒಳಗೆ ಮಲಗಿದಾಳೆ" ಎಂದಳು.

"ಎದ್ದು ಓಡಾಡ್ತಾರಾ?"

"ಓಡಾಡೋದಾ? ಮೊನ್ನೆ ಕಪಾಟಿನ ಮೇಲೆ ಹತ್ತಿ ಕೂತಿದ್ಲು. ಇಳಿಸೋಕೆ ಏಣಿ ತರಬೇಕಾಯ್ತು."

ಲೆಕ್ಕಿಗರ ಪೆನ್ನು ನಿಂತಿತು. ನಾನು ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಚಾಪೆಯ ಮೇಲಿದ್ದ ಕೆಂಚಿಯನ್ನೂ ಕೈಯ ಫಾರಂ ಅನ್ನೂ ಒಂದೊಂದು ಸಲ ನೋಡುತ್ತಿದ್ದರು. ಬಿಡುತ್ತೇನೆಯೇ ನಾನು? ಬಂದ ಸರ್ಕಾರವನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅದೇ ಫಾರಂ ಸಮೇತ ಹಿಂದಿನ ಬೀದಿಗೆ ಎಳೆದುಕೊಂಡು ಹೋದೆ. ಆ ತಾಯಿಯ ಪಿಂಚಣಿ ಮುಂದಿನ ತಿಂಗಳೇ ಬಂತು.

ಆಮೇಲೆ ಬೀದಿಯಲ್ಲಿ ಯಾರದೇ ಕೆಲಸ ನಿಂತರೂ ನನ್ನ ಬಾಗಿಲಿಗೆ ಬಂದು, "ನೀವು ಮಾತಾಡೋದು ಬೇಡ್ರಿ. ಕೆಂಚಿ ಕೈಲಿ ಒಂದು ಫೋನ್ ಮಾಡ್ಸಿ" ಎನ್ನುತ್ತಿದ್ದರು.

೩. ಕಾಲು ಮಾತ್ರೆ

ಕೂಗು ಹೆಚ್ಚಾದಾಗ ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಾಲಿನಲ್ಲಿ ನಮ್ಮ ಮುಂದೆ ಒಂದು ಎಮ್ಮೆ, ಎಮ್ಮೆಯ ಮಾಲೀಕ, ಮತ್ತೆ ಒಂದು ಆಡು. ಬೆಕ್ಕಿಗೆ ಔಷಧಿ ಮಾಡಿಸಲು ಬಂದ ನನ್ನನ್ನು ಎಮ್ಮೆಯವನು ಮೇಲಿಂದ ಕೆಳಗೆ ನೋಡಿ, "ಹಾಲು ಕೊಡ್ತೈತೇನ್ರಿ?" ಎಂದ.

"ಕುಡೀತೈತಿ" ಎಂದೆ.

ಡಾಕ್ಟರು ಕೆಂಚಿಯನ್ನು ಮೇಜಿನ ಮೇಲೆ ಕೂರಿಸಿ, ಹಲ್ಲು ನೋಡಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ಅವಳ ಹಿಂದೆ ಹೋಗಿ, ಏನೂ ಹೇಳದೆ, ಸ್ಟೀಲಿನ ತಟ್ಟೆಯೊಂದನ್ನು ಕೈಬಿಟ್ಟರು. ನಾನು ಹಾರಿದೆ. ಹೆಂಡತಿ "ಅಯ್ಯಬ್ಬಾ" ಎಂದಳು. ಹೊರಗಿದ್ದ ಎಮ್ಮೆ ಹಗ್ಗ ಜಗ್ಗಿತು. ಕೆಂಚಿ ಮುಂಗಾಲು ನೆಕ್ಕಿ ಮುಖ ತೊಳೆದುಕೊಳ್ಳುತ್ತಾ ಇದ್ದಳು.

"ಕಿವಿ ಹೋಗಿದೆ" ಎಂದರು ಡಾಕ್ಟರು. "ತನ್ನ ಕೂಗು ತನಗೇ ಕೇಳ್ಸಲ್ಲ, ಅದಕ್ಕೇ ಅಷ್ಟು ಜೋರು. ವಯಸ್ಸಾದ ಬೆಕ್ಕಿಗೆ ಮರೆವೂ ಬರುತ್ತೆ. ಉಂಡಿದ್ದು ಮರೆಯುತ್ತೆ, ಎಲ್ಲಿದೀನಿ ಅನ್ನೋದು ಮರೆಯುತ್ತೆ, ಗಾಬರಿಯಾಗಿ ಕೂಗುತ್ತೆ. ಹಟ ಅಂದ್ಕೊಂಡು ಗದರಬೇಡಿ. ಕಣ್ಣು ನೋಡಿದ್ರೆ ರಕ್ತದೊತ್ತಡನೂ ಇರೋ ಹಾಗಿದೆ."

ಒತ್ತಡ ಅಳೆಯಲು ಅವಳ ಕಾಲಿಗೆ ಅಂಗೈ ಅಗಲದ ಪಟ್ಟಿ ಕಟ್ಟಿದರು. ರಕ್ತ ತೆಗೆದು ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸಿದರು. ಎರಡು ದಿನ ಬಿಟ್ಟು ಹೋದಾಗ ಚೀಟಿ ಬರೆದುಕೊಟ್ಟರು. ಹೆಂಡತಿ ಓದಿ, "ಡಾಕ್ಟ್ರೇ, ಇದು ನಮ್ಮನೆಯವರು ದಿನಾ ನುಂಗೋ ಮಾತ್ರೆ ಅಲ್ದಾ?" ಎಂದಳು.

"ಅದೇ. ಇದಕ್ಕೆ ಕಾಲು ಭಾಗ ಮಾಡಿ ಕೊಡಿ."

ಅವತ್ತೂ ಅಲ್ಲೇ ಇದ್ದ ಎಮ್ಮೆಯವನಿಗೆ ಕುತೂಹಲ ತಡೆಯಲಿಲ್ಲ. "ಈ ಗುಳಿಗೆ ಕೊಟ್ರೆ ಕೂಗು ನಿಲ್ತೈತೇನ್ರಿ ಡಾಕ್ಟ್ರೇ?" ಎಂದ.

ಡಾಕ್ಟರು ನನ್ನ ಹೆಂಡತಿಯ ಕಡೆ ತಿರುಗಿ ಕೇಳಿದರು: "ಇವರದು ನಿಂತಿದೆಯಾ?"

೪. ಇಲ್ಲದ ಒಲೆ

ಮಾತ್ರೆಯಿಂದ ಸ್ವಲ್ಪ ಕಡಿಮೆಯಾಯಿತು. ಪೂರಾ ನಿಲ್ಲಲಿಲ್ಲ. ನಾನು ಗಮನಿಸಿದ್ದೇನೆಂದರೆ, ಮಧ್ಯಾಹ್ನದ ಕೂಗನ್ನು ಅವಳು ಯಾವಾಗಲೂ ಒಂದೇ ಜಾಗದಲ್ಲಿ ಹಾಕುತ್ತಿದ್ದಳು: ಅಡುಗೆಮನೆಯ ಆಗ್ನೇಯದ ಮೂಲೆ, ಈಗ ಗ್ಯಾಸ್ ಸಿಲಿಂಡರ್ ಇರುವ ಕಡೆ. ಸಿಲಿಂಡರಿನ ಮುಂದೆ ನಿಲ್ಲುವುದು, ಮೂಸುವುದು, ನನ್ನನ್ನು ನೋಡುವುದು, ಕೂಗುವುದು. ಸಿಲಿಂಡರ್ ಬೆಲೆಯ ವಿರುದ್ಧ ನಾನು ಮಾಡಿದ ಪ್ರತಿಭಟನೆಯಲ್ಲೂ ಅಷ್ಟು ನೋವು ಇರಲಿಲ್ಲ.

ಅರ್ಥ ಮಾಡಿಕೊಂಡವಳು ಹೆಂಡತಿ. ಒಂದು ದಿನ ಕೈಯಲ್ಲಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

"ಅದು ಒಲೆ ಹುಡುಕ್ತಾ ಇದೆ ರೀ."

ಹೌದು. ಆ ಮೂಲೆಯಲ್ಲಿ ಮೊದಲು ಮಣ್ಣಿನ ಒಲೆ ಇತ್ತು. ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಬೆಚ್ಚಗಿನ ಬೂದಿಯ ಪಕ್ಕದಲ್ಲಿ ಕೆಂಚಿ ಸಂಜೆವರೆಗೂ ಮಲಗುತ್ತಿದ್ದಳು. ಎದ್ದರೆ ಅರ್ಧ ಕೆಂಚು, ಅರ್ಧ ಬೂದಿ. ಹೆಂಡತಿ ಅವಳನ್ನು ಸೆರಗಿನಿಂದ ಕೊಡವಿದರೆ ಇಬ್ಬರೂ ಸೀನುತ್ತಿದ್ದರು. ಆ ಒಲೆ ಒಡೆಸಿ, ಕಲ್ಲು ಹಾಸಿ ಎಂಟು ವರ್ಷವಾಗಿತ್ತು. ಕೆಂಚಿ ಆ ಎಂಟು ವರ್ಷವನ್ನು ಮರೆತುಬಿಟ್ಟಿದ್ದಳು, ಒಲೆಯನ್ನು ಮಾತ್ರ ಮರೆತಿರಲಿಲ್ಲ.

ಹೆಂಡತಿ ಒಂದು ಬಾಣಲೆ ಬಿಸಿ ಮಾಡಿ, ಸ್ವಲ್ಪ ಆರಿಸಿ, ಗೋಣಿ ಸುತ್ತಿ ಆ ಮೂಲೆಯಲ್ಲಿ ಇಟ್ಟಳು. ಕೆಂಚಿ ಅದಕ್ಕೆ ಬೆನ್ನು ತಾಗಿಸಿ ಮಲಗಿದಳು. ಮೂರು ಗಂಟೆ ಸದ್ದಿಲ್ಲ.

ನಾನು ಗೋಡೆಯ ಕಡೆ ತಿರುಗಿದೆ. "ಎಂಟು ವರ್ಷದ ಹಿಂದಿನ ಒಲೆಗೆ ಈಗ ಕೂಗೋದು ಅಂದ್ರೆ! ಇಷ್ಟು ಮರೆವು ಯಾರಿಗೂ ಬರಬಾರದು ನೋಡು" ಎನ್ನುತ್ತಾ ಅಂಗಿ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದೆ. ಅಂಗಿ ನೆಲಕ್ಕೆ ಬಿತ್ತು.

ಹೆಂಡತಿ ಅದನ್ನು ಎತ್ತಿಕೊಂಡು ಹೇಳಿದಳು: "ಆ ಮೊಳೆ ಕಿತ್ತಿದ್ದೂ ಒಲೆ ಒಡೆದ ದಿನಾನೇ. ಎಂಟು ವರ್ಷದಿಂದ ದಿನಾ ನಾನು ಅಂಗಿ ಎತ್ತಿಡ್ತಾ ಇದೀನಿ. ಬೆಕ್ಕಿಗಾದ್ರೆ ಡಾಕ್ಟ್ರು ರೋಗದ ಹೆಸರು ಹೇಳಿದಾರೆ, ನಿಮಗೆ ಎಂತ ಹೇಳೋದು?"

೫. ಗೋಣಿಚೀಲ

ಎದುರುಮನೆಯಲ್ಲಿ ನಿವೃತ್ತ ಮೇಷ್ಟ್ರು ಇದ್ದಾರೆ. ಒಳ್ಳೆಯವರು. ನನಗೂ ಅವರಿಗೂ ಮೂವತ್ತು ವರ್ಷದಿಂದ ಯಾವ ವಿಷಯದಲ್ಲೂ ಒಮ್ಮತ ಬಂದಿಲ್ಲ. ಅವರ ತಾಯಿಗೆ ತೊಂಬತ್ತು ದಾಟಿದೆ. ಬಿದ್ದು ಸೊಂಟ ಮುರಿದುಕೊಂಡು ಆಗ ಹಾಸಿಗೆ ಹಿಡಿದಿದ್ದರು. ಕೆಂಚಿ ಬಿಸಿಲು ಕಾಯಿಸಿಕೊಳ್ಳಲು ಹೋಗಿ ಅವರ ಕಿಟಕಿಯ ಕೆಳಗೇ ಕೂತು ಕೂಗುತ್ತಿದ್ದಳು.

ಒಂದು ಸಂಜೆ ಮೇಷ್ಟ್ರು ಬಂದರು. "ನೋಡ್ರಿ, ಬೆಕ್ಕು ಅತ್ತರೆ ಮನೆಗೆ ಒಳ್ಳೇದಲ್ಲ. ಅವ್ವನ ಸ್ಥಿತಿ ನಿಮಗೇ ಗೊತ್ತೈತಿ. ಅದು ಯಮನ್ನ ಕರೆದಂಗೆ ಕರೀತೈತಿ."

"ಮೇಷ್ಟ್ರೇ, ನಲವತ್ತು ವರ್ಷ ವಿಜ್ಞಾನ ಪಾಠ ಮಾಡಿದೋರು ನೀವು!"

"ಪಾಠ ಬೇರೆ, ಅವ್ವ ಬೇರೆ" ಎಂದರು. ಅವರ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು. "ಮೊದಲಿನೋರು ಮಾಡ್ತಿದ್ದಂಗೆ ಮಾಡ್ರಿ. ಗೋಣಿಚೀಲದಾಗೆ ಹಾಕಿ, ಮೂರು ಸುತ್ತು ತಿರುಗಿಸಿ, ಹೊಳೆ ದಾಟಿಸಿ ಬಿಟ್ಟು ಬರ್ರಿ. ತಿರುಗಿ ನೋಡಬಾರದು ಅಷ್ಟೆ."

ಸುತ್ತು ತಿರುಗಿಸುವುದು ಬೆಕ್ಕಿಗೆ ದಿಕ್ಕು ತಪ್ಪಲಿ ಎಂದು. ನೀರು ದಾಟಿಸುವುದು ವಾಸನೆ ಹಿಡಿದು ಬರದಿರಲಿ ಎಂದು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕ್ರಮ. ನನಗಂತೂ ಚೆನ್ನಾಗಿಯೇ ಗೊತ್ತು. ಈಸೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ, ನಾನು ಚಿಕ್ಕವನಿದ್ದಾಗ, ಅಪ್ಪ ಇದನ್ನು ಮಾಡಿದ್ದರು. ಮನೆಯ ಗಂಡು ಬೆಕ್ಕು ಹಾಲಿನ ಗಡಿಗೆ ಉರುಳಿಸಿತ್ತು. ಅಪ್ಪ ಯಾವ ಕೆಲಸವನ್ನೂ ಅರೆಬರೆ ಮಾಡಿದವರಲ್ಲ. ಮೂರು ಸುತ್ತು ಸಾಲದೆಂದು ಚೀಲ ಹಿಡಿದು ತಾವೇ ಗಾಣದ ಎತ್ತಿನ ಹಾಗೆ ಇಪ್ಪತ್ತು ಸುತ್ತು ತಿರುಗಿದರು. ಹೊಳೆಯಲ್ಲಿ ಮೊಣಕಾಲುದ್ದ ನೀರು. ದಾಟಿ, ಆ ದಡದಲ್ಲಿ ಮತ್ತೆ ಇಪ್ಪತ್ತು ಸುತ್ತು. ಚೀಲ ಬಿಚ್ಚುವಷ್ಟರಲ್ಲಿ ಅವರಿಗೇ ತಲೆ ಸುತ್ತಿ ಕಣ್ಣು ಕತ್ತಲಿಟ್ಟು, ಹುಣಸೆ ಮರವನ್ನು ತಬ್ಬಿಕೊಂಡು ಕೂತುಬಿಟ್ಟರು. ಎದ್ದ ಮೇಲೆ ಊರು ಯಾವ ಕಡೆ ಎಂದು ಗೊತ್ತಾಗದೆ ಪಕ್ಕದ ಹಳ್ಳಿ ಸೇರಿದರು.

ನಮ್ಮವ್ವ ಹೊತ್ತು ಮುಳುಗುವವರೆಗೆ ಬಾಗಿಲಲ್ಲಿ ನಿಂತು ಕಾದಳು. ಬಂದಿದ್ದು ಬೆಕ್ಕು. ಕಾಲು ಒದ್ದೆಯಾಗಿತ್ತು, ಬೇರೇನೂ ಆಗಿರಲಿಲ್ಲ. ಅವ್ವ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬಹಳ ಕಳವಳದಿಂದ ಕೇಳಿದಳು: "ಅವರನ್ನ ಎಲ್ಲಿ ಬಿಟ್ಟು ಬಂದ್ಯೋ?"

೬. ಸಹಿ

ನಾನು ಚೀಲ ಹಿಡಿಯುವುದಿಲ್ಲ ಎಂದು ಖಂಡಿತವಾಗಿ ಹೇಳಿದ ಮೇಲೆ ಬೀದಿಯವರು ಕಟ್ಟೆಯ ಮೇಲೆ ಸಭೆ ಸೇರಿದರು. ಮೇಷ್ಟ್ರ ಮಾತಿಗೆ ಅವರೂ ಸೇರಿ ಹನ್ನೊಂದು ಜನ ಕೈ ಎತ್ತಿದರು. ನನ್ನ ಪರ ಎತ್ತಿದ ಕೈ ಒಂದೇ, ಅದು ಹಾಲಿನವನದು. ಪುರಸಭೆಗೆ ಅರ್ಜಿ ಕೊಟ್ಟು ಬೆಕ್ಕನ್ನು ತೆರವು ಮಾಡಿಸುವುದೆಂದು ತೀರ್ಮಾನವಾಯಿತು.

ಮರುದಿನ ಬೆಳಗ್ಗೆ ಅಷ್ಟೂ ಜನ ನಮ್ಮ ಜಗಲಿಗೆ ಬಂದರು. ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯುತ್ತಿದ್ದಾರೆ. ಕೊನೆಗೆ ಮೂಲೆಮನೆಯ ಟೈಲರಮ್ಮ ಬಾಯಿ ಬಿಟ್ಟರು: "ಅಣ್ಣಾರೆ, ಅರ್ಜಿ ಬರೆಯೋಕೆ ನಮಗ್ಯಾರಿಗೂ ಬರಂಗಿಲ್ಲ. ನಮ್ಮ ಬೀದಿ ಅರ್ಜಿ ಎಲ್ಲಾ ನೀವೇ ಅಲ್ಲೇನು ಬರೆಯೋದು?"

"ನನ್ನ ಬೆಕ್ಕಿನ ಮೇಲೆ ನಾನೇ ಅರ್ಜಿ ಬರೀಬೇಕಾ?"

"ಬೇರೆಯವರ ಕೈಲಿ ಬರೆಸಿದ್ರೆ ನಿಮಗೆ ಬೇಜಾರಾಗ್ತೈತಿ ಅಂತ..." ಎಂದರು ಮೇಷ್ಟ್ರು, ಚಪ್ಪಲಿ ನೋಡುತ್ತಾ.

ಅವರು ತಂದಿದ್ದ ಕರಡು ಓದಿದೆ. ಮೈ ಉರಿಯಿತು. ಬೆಕ್ಕಿನ ಬಗ್ಗೆ ಅಲ್ಲ, ಅರ್ಜಿಯ ಬಗ್ಗೆ. 'ದಯಮಾಡಿ ತಾವು ಏನಾದರೂ ಮಾಡಿ' ಎಂದು ಬರೆದಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಚೇರಿಯ ಮೆಟ್ಟಿಲ ಮೇಲೆ ಕೂತು, ಬಿಸಾಡಿದ ಕಾಗದ ಓದಿ ಓದಿ ಅರ್ಜಿ ಕಲಿತವನು. ನಮ್ಮ ಬೀದಿಯಿಂದ ಇಂಥ ಅಳುಬುರುಕ ಅರ್ಜಿ ಹೋಗುವುದೇ? "ಭಿಕ್ಷೆ ಬೇಡ್ತಿದೀರೇನ್ರಿ? ಹಕ್ಕು ಕೇಳ್ರಿ ಹಕ್ಕು!" ಎಂದು ಗದರಿ ಕಾಗದ ತೆಗೆದುಕೊಂಡೆ.

ಬರೆದೆ. 'ಸದರಿ ಬೆಕ್ಕು ಹೊತ್ತುಗೊತ್ತಿಲ್ಲದೆ ಕರ್ಕಶವಾಗಿ ಕೂಗುತ್ತಿದ್ದು, ವೃದ್ಧರು ಹಾಗೂ ರೋಗಿಗಳ ನೆಮ್ಮದಿಗೆ ಭಂಗ ತಂದಿರುತ್ತದೆ. ಬೆಕ್ಕಿನ ಮಾಲೀಕರು ಹಟಮಾರಿಯಾಗಿದ್ದು, ನೆರೆಹೊರೆಯವರ ಮನವಿಗೆ ಕಿವಿಗೊಟ್ಟಿರುವುದಿಲ್ಲ. ಆದುದರಿಂದ ಅರ್ಜಿದಾರರ ಸಮಕ್ಷಮ ಸ್ಥಳ ಮಹಜರು ನಡೆಸಿ, ಕೂಗನ್ನು ಖುದ್ದು ಕೇಳಿ, ಕೂಡಲೇ ಕ್ರಮ ಕೈಗೊಳ್ಳತಕ್ಕದ್ದು. ತಪ್ಪಿದಲ್ಲಿ ಉಗ್ರ ಹೋರಾಟ ಅನಿವಾರ್ಯ.'

ಎದ್ದು ನಿಂತು ಗಟ್ಟಿಯಾಗಿ ಓದಿದೆ. ಓದುತ್ತಾ ಓದುತ್ತಾ ನನ್ನ ರಕ್ತ ಕುದಿಯಿತು. ಎಂಥ ಮನುಷ್ಯ ಇವನು! ಮುದುಕರಿಗೆ ನೆಮ್ಮದಿ ಇಲ್ಲ, ರೋಗಿಗಳಿಗೆ ನಿದ್ದೆ ಇಲ್ಲ, ಹೇಳಿದರೆ ಕೇಳುವುದಿಲ್ಲ! ಓದಿ ಮುಗಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅದೇ ಆವೇಶದಲ್ಲಿ ಪೆನ್ನು ತೆಗೆದು ಮೊದಲನೇ ಸಹಿ ಹಾಕಲು ಬಾಗಿದೆ.

ಒಳಗಿನಿಂದ ಓಡಿ ಬಂದ ಹೆಂಡತಿ ಪೆನ್ನು ಕಿತ್ತುಕೊಂಡಳು.

೭. ಸ್ಥಳ ಮಹಜರು

ಅರ್ಜಿ ಚೆನ್ನಾಗಿತ್ತು, ಅದೇ ತಪ್ಪಾಯಿತು. ಎರಡೇ ವಾರದಲ್ಲಿ ಪುರಸಭೆಯಿಂದ ಆರೋಗ್ಯ ನಿರೀಕ್ಷಕರು ಬಂದುಬಿಟ್ಟರು. ಬರುವ ಸುದ್ದಿ ತಿಳಿದು ಹಿಂದಿನ ರಾತ್ರಿ ಹೆಂಡತಿ ಊಟ ಮಾಡಿರಲಿಲ್ಲ. "ಕೆಂಚಿಯನ್ನು ತಗೊಂಡು ಹೋದ್ರೆ ನಾನೂ ಸೊರಬಕ್ಕೆ ಹೋಗ್ತೆ. ನೀವು ನಿಮ್ಮ ಅರ್ಜಿ ಕಟ್ಕೊಂಡು ಇಲ್ಲೇ ಇರಿ" ಎಂದಿದ್ದಳು. ಅವಳು ತಮಾಷೆಗೆ ಹೇಳಿದ್ದಲ್ಲ. ಆ ಕಿವುಡು ಬೆಕ್ಕು ಬೇರೆ ಯಾವ ಜಾಗದಲ್ಲಿ ಬದುಕೀತು? ಬರುವ ಗಾಡಿಯ ಸದ್ದು ಕೇಳಿಸದು, ನಾಯಿಯ ಸದ್ದು ಕೇಳಿಸದು. ಹೊಳೆಯ ಆಚೆ ಬಿಟ್ಟರೆ ಒಂದು ದಿನ. ಹೆಚ್ಚೆಂದರೆ ಎರಡು.

ನಿರೀಕ್ಷಕರು ಸ್ಕೂಟರ್ ನಿಲ್ಲಿಸಿ, ಅರ್ಜಿ ಬಿಡಿಸಿ, ಎರಡು ಸಲ ಓದಿದರು. "ಬಹಳ ಚೆನ್ನಾಗಿ ಬರ್ದಿದಾರೆ. ಯಾರು ಬರೆದಿದ್ದು?"

"ನಾನೇ" ಎಂದೆ.

"ಹಟಮಾರಿ ಮಾಲೀಕರು ಯಾರು?"

"ನಾನೇ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೇರೇನೂ ಕೇಳಲಿಲ್ಲ, ಈ ಊರಿನಲ್ಲಿ ಕೆಲಸ ಮಾಡಿ ಅನುಭವವಿದ್ದ ಮನುಷ್ಯ.

ಕೆಂಚಿ ಜಗಲಿಯ ಬಿಸಿಲಲ್ಲಿ ಬಿದ್ದುಕೊಂಡಿದ್ದಳು. ಹನ್ನೊಂದು ಅರ್ಜಿದಾರರು ಸುತ್ತ ನಿಂತರು. "ಕೂಗನ್ನು ಖುದ್ದು ಕೇಳಬೇಕು ಅಂತ ಬರ್ದಿದೆ. ಕೇಳಿಸಿಕೊಳ್ಳದೆ ನಾನು ಬರೆಯೋ ಹಾಗಿಲ್ಲ" ಎಂದು ನಿರೀಕ್ಷಕರು ಕುರ್ಚಿ ಹಾಕಿಸಿಕೊಂಡು ಕೂತರು. ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಕೆಂಚಿಯ ಹೊಟ್ಟೆ ಏರುತ್ತದೆ, ಇಳಿಯುತ್ತದೆ. ಮೇಷ್ಟ್ರು ಕೈ ತಟ್ಟಿದರು. ಟೈಲರಮ್ಮ ತಟ್ಟೆ ಬಡಿದರು. ಕಿವುಡಿಗೆ ಏನು ಗೊತ್ತಾಗಬೇಕು?

"ನನಗೆ ಶಿರಾಳಕೊಪ್ಪಕ್ಕೆ ಹೋಗಬೇಕು ಕಣ್ರಿ" ಎಂದರು ನಿರೀಕ್ಷಕರು, ಗಡಿಯಾರ ನೋಡಿ.

ಮೇಷ್ಟ್ರಿಗೆ ಗಾಬರಿಯಾಯಿತು. "ಸಾರ್, ಹಿಂಗೆ ಕೂಗ್ತೈತಿ ನೋಡ್ರಿ" ಎಂದವರೇ ಗಂಟಲು ಸರಿ ಮಾಡಿಕೊಂಡು, ಸಣ್ಣಗೆ, ಮರ್ಯಾದೆಯಿಂದ, "ಮಿಯಾಂವ್" ಎಂದರು.

"ಅಯ್ಯ, ಹಂಗೆಲ್ಲಿ ಕೂಗ್ತೈತ್ರೀ ಮೇಷ್ಟ್ರೇ?" ಎಂದರು ಟೈಲರಮ್ಮ. "ಅಷ್ಟು ಮೆತ್ತಗಿದ್ರೆ ನಾವ್ಯಾಕೆ ಅರ್ಜಿ ಕೊಡ್ತಿದ್ವಿ? ಕೊನೇಗೆ ಎಳೀತೈತಿ ಸಾರ್, ಹಿಂಗೆ." ಕತ್ತು ಮೇಲೆತ್ತಿ ಒಂದು ಕೂಗು ಕೂಗಿದರು ನೋಡಿ, ತಂತಿಯ ಮೇಲಿದ್ದ ಕಾಗೆಗಳು ಎದ್ದವು.

"ಇಲ್ಲ ಇಲ್ಲ, ನಡುವೆ ಒಂದು ತಿರುವು ಬರ್ತೈತಿ" ಎಂದು ಕಿರಾಣಿ ಅಂಗಡಿಯವರು ಕೂಗಿ ತೋರಿಸಿದರು. "ಅದು ಬೆಳಗಿನ ಕೂಗು, ಮಧ್ಯಾಹ್ನದ್ದು ಬೇರೆ" ಎಂದು ಇನ್ನೊಬ್ಬರು. ಆಮೇಲೆ ಯಾರು ಯಾರನ್ನು ತಿದ್ದುತ್ತಿದ್ದಾರೆಂದು ತಿಳಿಯಲಿಲ್ಲ. ಮೇಷ್ಟ್ರಿಗೂ ಹಟ ಬಂತು. ಪಂಚೆ ಎತ್ತಿ ಕಟ್ಟಿ, ಕಣ್ಣು ಮುಚ್ಚಿ, ಪ್ರಾಣ ಒತ್ತೆಯಿಟ್ಟು ಕೂಗಿದರು. ಬೀದಿಯ ಹನ್ನೊಂದು ಮರ್ಯಾದಸ್ಥರು ಹಾಡುಹಗಲಲ್ಲಿ ಕತ್ತೆತ್ತಿಕೊಂಡು ಕೂಗುತ್ತಿದ್ದರು. ನಡುವೆ ಕೆಂಚಿ ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸಿದಳು.

ಆಗ ಎದುರುಮನೆಯ ಕಿಟಕಿಯಿಂದ, ಮೂರು ತಿಂಗಳಿಂದ ಪಿಸುಗುಟ್ಟುವುದಕ್ಕಿಂತ ಹೆಚ್ಚು ಮಾತಾಡದಿದ್ದ ಮೇಷ್ಟ್ರ ತಾಯಿಯ ದನಿ ಗಂಟೆ ಹೊಡೆದಂತೆ ಬಂತು: "ಏ ಯಾರ್ರಲೇ ಅಲ್ಲಿ? ನಮ್ಮ ಕೆಂಚಿ ದನಿ ನನಗೆ ಗೊತ್ತಿಲ್ವಾ? ಅದೊಂದೇ ದಿನಾ ಬಂದು ನನ್ನ ಮಾತಾಡ್ಸೋದು. ಇವು ಯಾವೋ ಕಳ್ಳ ಬೆಕ್ಕು ಬಂದಾವೆ, ದೊಣ್ಣೆ ತಗೊಂಡು ಓಡಿಸ್ರೋ!"

ಮೇಷ್ಟ್ರು ಪಂಚೆ ಇಳಿಸಿದರು.

ನಿರೀಕ್ಷಕರು ಮುಖ ಕೆಳಗೆ ಹಾಕಿ ಬರೆಯತೊಡಗಿದರು. ಅವರ ಭುಜ ಅಲುಗುತ್ತಿತ್ತು. ಬರೆದು ಮುಗಿಸಿ, "ಎಲ್ಲರೂ ಸಹಿ ಹಾಕಿ" ಎಂದರು. ಕಾಗದ ಓದದೆ ಸಹಿ ಹಾಕಬೇಡಿ ಎಂದು ಈ ಬೀದಿಯ ಜನಕ್ಕೆ ನಾನು ಮೂವತ್ತು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ. ಅವತ್ತು ಮಾತ್ರ ತುಟಿ ಬಿಚ್ಚಲಿಲ್ಲ. ಮೊದಲು ಮೇಷ್ಟ್ರು, ಆಮೇಲೆ ಟೈಲರಮ್ಮ, ಹೀಗೆ ಹನ್ನೊಂದು ಸಹಿ ಸಾಲಾಗಿ ಬಿದ್ದವು. ಸ್ಕೂಟರ್ ಹೋದ ಮೇಲೆ ಮೇಷ್ಟ್ರು ತಮ್ಮ ಪ್ರತಿಯನ್ನು ಗಟ್ಟಿಯಾಗಿ ಓದಿದರು:

'ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಲಾಗಿ, ಸದರಿ ಬೀದಿಯಲ್ಲಿ ಕರ್ಕಶವಾದ ಕೂಗು ಇರುವುದು ನಿಜವಾಗಿರುತ್ತದೆ. ಸದರಿ ಬೆಕ್ಕು ನಿದ್ರಿಸುತ್ತಿದ್ದು, ಕೂಗುತ್ತಿದ್ದವರು ಈ ಕೆಳಗೆ ಸಹಿ ಮಾಡಿದ ಹನ್ನೊಂದು ಮಂದಿಯಾಗಿರುತ್ತಾರೆ.'